ಹೊಟ್ಟೆ ನೋಡುವವರು ಬಾಲ್ಯವನ್ನೇಕೆ ಕೇಳುತ್ತಾರೆ?

"ಅಕ್ಕೋರೇ, ಹೊಟ್ಟೆಗೆ ಆಪರೇಷನ್ ಮಾಡೋ ಆಸ್ಪತ್ರೆಯವ್ರು, ಸಣ್ಣಿರುವಾಗ ಮನೇಲಿ ಯಾರಾದ್ರೂ ಹೊಡೀತಿದ್ರಾ ಅಂತ ಯಾಕೆ ಕೇಳ್ತಾರೆ?"

ನಮ್ಮ ತೋಡೂರಿನ ಕಾಲೊನಿಯಲ್ಲಿ ಏಳನೇ ತರಗತಿ ಓದುವ ಹುಡುಗಿಯೊಬ್ಬಳ ಪ್ರಶ್ನೆ ಇದು. ಅವಳ ಅತ್ತೆಗೆ ಈಗ 35 ವರ್ಷ. ತೂಕ 118 ಕಿಲೋ. ಸಕ್ಕರೆ ಕಾಯಿಲೆ ಬಂದಿದೆ, ಮೊಣಕಾಲು ನೋವು, ರಾತ್ರಿ ಮಲಗಿದರೆ ಉಸಿರು ಕಟ್ಟಿದಂತಾಗಿ ಎಚ್ಚರವಾಗುತ್ತದೆ. ದೊಡ್ಡ ಊರಿನ ಆಸ್ಪತ್ರೆಗೆ ಹೋಗಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದೆಂದು ತೀರ್ಮಾನವಾಯಿತು. ರಕ್ತ, ಹೃದಯ, ಶ್ವಾಸಕೋಶ ಎಲ್ಲ ಪರೀಕ್ಷೆ ಮಾಡಿದರು. ಕೊನೆಗೆ ಒಂದು ಸಣ್ಣ ಕೋಣೆಯಲ್ಲಿ ಮನಃಶಾಸ್ತ್ರ ಓದಿದ ಒಬ್ಬ ಹೆಣ್ಣುಮಗಳು ಒಂದು ತಾಸು ಕೂರಿಸಿಕೊಂಡು ಬಾಲ್ಯದ ಬಗ್ಗೆ ಕೇಳಿದಳಂತೆ. ಮನೆಗೆ ಬಂದ ಅತ್ತೆ ಸಿಟ್ಟಿನಿಂದ, "ನಾ ಹೊಟ್ಟೆ ತೋರ್ಸೋಕೆ ಹೋದ್ರೆ ಅವ್ಳು ಅಪ್ಪನ ವಿಷಯ ಕೇಳ್ತಾಳೆ" ಎಂದದ್ದು ಹುಡುಗಿಯ ಕಿವಿಗೆ ಬಿದ್ದಿದೆ. ಅತ್ತೆಯ ಅಪ್ಪ ಎಂದರೆ ಇವಳ ಅಜ್ಜ. ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇತ್ತು, ಅದನ್ನು ಅವಳು ಕೇಳಲಿಲ್ಲ.

ಅತ್ತೆ ನನ್ನ ಹಳೆಯ ವಿದ್ಯಾರ್ಥಿನಿ. ಮೂರನೇ ಇಯತ್ತೆಯಲ್ಲಿ ನನ್ನ ತರಗತಿಯಲ್ಲಿದ್ದಳು. ಈ ವಿಷಯ ಬರೆಯಲೇ ಎಂದು ಅವಳನ್ನೂ ಕೇಳಿದೆ, ಅವಳ ಅಪ್ಪನನ್ನೂ ಕೇಳಿದೆ. ಇಬ್ಬರೂ ಒಪ್ಪಿದರು. ಆದರೂ ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಊರವರು ಯಾರ ಮನೆ ಎಂದು ಲೆಕ್ಕ ಹಾಕುತ್ತ ಕೂರುವುದು ಬೇಡ.

ಮೊದಲು ಆ ಆಪರೇಷನ್ ಎಂದರೇನು ನೋಡೋಣ. ಮಕ್ಕಳೇ, ನಮ್ಮ ಜಠರ ಒಂದು ರಬ್ಬರಿನ ಚೀಲದಂತೆ. ಖಾಲಿ ಇದ್ದಾಗ ಮುದುಡಿಕೊಂಡಿರುತ್ತದೆ, ಉಂಡಾಗ ಹಿಗ್ಗುತ್ತದೆ. ಈಗ ಹೆಚ್ಚಾಗಿ ಮಾಡುವ ಒಂದು ಬಗೆಯಲ್ಲಿ ಈ ಚೀಲದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಒಂದು ಬಾಳೆಹಣ್ಣಿನ ಗಾತ್ರದ ಕೊಳವೆಯಾಗಿ ಉಳಿಸುತ್ತಾರೆ. ಅಂಗಿಯ ತೋಳಿನಂತೆ ಕಾಣುವುದರಿಂದ ಅದಕ್ಕೆ 'ಸ್ಲೀವ್' ಎಂದು ಹೆಸರು. ಇನ್ನೊಂದು ಬಗೆಯಲ್ಲಿ ಜಠರದ ಮೇಲ್ತುದಿಯಲ್ಲಿ ಸಣ್ಣ ಚೀಲ ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಅದು 'ಬೈಪಾಸ್'. ಊರ ಒಳಗೆ ಹೋಗದೆ ಹೊರಗಿನಿಂದಲೇ ಹೋಗುವ ಹೆದ್ದಾರಿ ಇದೆಯಲ್ಲ, ಹಾಗೆ.

ಜಠರ ಚಿಕ್ಕದಾದರೆ ಕಡಿಮೆ ಹಿಡಿಯುತ್ತದೆ. ಅಷ್ಟೇ ಅಲ್ಲ. ಹಸಿವೆಯಾಗಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಜಪಾನಿನ ವಿಜ್ಞಾನಿಗಳು 1999ರಲ್ಲಿ ಅದನ್ನು ಪತ್ತೆ ಮಾಡಿದರು. ಸ್ಲೀವ್ ಮಾಡುವಾಗ ಆ ಭಾಗವೇ ಹೋಗುವುದರಿಂದ ಹಸಿವೆಯೂ ತಗ್ಗುತ್ತದೆ. ಸಕ್ಕರೆ ಕಾಯಿಲೆ ಎಷ್ಟೋ ಜನರಲ್ಲಿ ಹತೋಟಿಗೆ ಬರುತ್ತದೆ. ಸೌಂದರ್ಯಕ್ಕಾಗಿ ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಸುವುದು ಬೇರೆ, ಇದು ಬೇರೆ. ಎರಡನ್ನೂ ಒಂದೇ ಎಂದು ತಿಳಿದು ಹೆದರಿಸುವವರು ನಮ್ಮ ಬಸ್‌ಸ್ಟ್ಯಾಂಡಿನಲ್ಲೇ ಸಿಗುತ್ತಾರೆ.

ಆದರೆ ಮನುಷ್ಯ ಹಸಿವೆಯಾದಾಗ ಮಾತ್ರ ಉಣ್ಣುತ್ತಾನೆಯೇ? ಅಜ್ಜಂದಿರೇ, ಅಜ್ಜಿಯರೇ, ನೀವೇ ಹೇಳಿ. ಮೊಮ್ಮಗ ಅತ್ತರೆ ನಮ್ಮ ಕೈ ಮೊದಲು ಹೋಗುವುದು ಎಲ್ಲಿಗೆ? ಬಿಸ್ಕಿಟಿನ ಡಬ್ಬಿಗೆ.

ಅಮೆರಿಕದ ಸ್ಯಾನ್ ಡಿಯೇಗೋ ನಗರದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು 1980ರ ದಶಕದಲ್ಲಿ ಕೈಸರ್ ಪರ್ಮನೆಂಟೆ ಸಂಸ್ಥೆಯ ತೂಕ ಇಳಿಸುವ ಚಿಕಿತ್ಸಾಲಯ ನಡೆಸುತ್ತಿದ್ದರು. ಅಲ್ಲಿ ಶಸ್ತ್ರಚಿಕಿತ್ಸೆ ಇರಲಿಲ್ಲ, ಪಥ್ಯದ ದ್ರವಾಹಾರದಿಂದಲೇ ಜನ ಇಳಿಯುತ್ತಿದ್ದರು. ಅವರನ್ನು ಕಾಡಿದ ಸಂಗತಿ ಒಂದೇ: ನಡುವೆ ಬಿಟ್ಟು ಓಡಿಹೋಗುತ್ತಿದ್ದವರು ತೂಕ ಇಳಿಯದವರಲ್ಲ, ಚೆನ್ನಾಗಿ ಇಳಿಯುತ್ತಿದ್ದವರು! ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬರುತ್ತಿರುವಾಗಲೇ ಶಾಲೆ ಬಿಟ್ಟಂತೆ. ಒಬ್ಬ ಹೆಂಗಸು ಒಂದು ವರ್ಷದೊಳಗೆ ಸುಮಾರು 185 ಕಿಲೋದಿಂದ 60 ಕಿಲೋಗೆ ಬಂದಳು. ಆಮೇಲೆ ಮೂರೇ ವಾರದಲ್ಲಿ 17 ಕಿಲೋದಷ್ಟು ಏರಿದಳು. ರಾತ್ರಿ ನಿದ್ದೆಯಲ್ಲೇ ಎದ್ದು ಅಡುಗೆಮನೆಗೆ ಹೋಗಿ ತಿನ್ನುತ್ತಿದ್ದಳು. ಏನಾಯಿತು ಎಂದು ವಿಚಾರಿಸಿದರೆ, ಕೆಲಸದ ಜಾಗದಲ್ಲಿ ಒಬ್ಬ ಗಂಡಸು ಅವಳ ಜೊತೆ ಸಲ್ಲದ ಮಾತಾಡಿದ್ದ. ಇನ್ನೂ ಕೇಳುತ್ತ ಹೋದಾಗ, ಚಿಕ್ಕವಳಿದ್ದಾಗ ಮನೆಯವರೇ ಒಬ್ಬರು ಅವಳ ಮೇಲೆ ಕೈಮಾಡಿದ್ದು, ಮುಟ್ಟಬಾರದಂತೆ ಮುಟ್ಟಿದ್ದು ಹೊರಬಂತು.

ಫೆಲಿಟ್ಟಿ ಉಳಿದವರನ್ನೂ ಕೂರಿಸಿ ಕೇಳಿದರು. ಬಾಲ್ಯದಲ್ಲಿ ಅಂಥದ್ದೇ ನೋವು ಉಂಡವರು ಒಬ್ಬರ ಹಿಂದೆ ಒಬ್ಬರು ಸಿಕ್ಕರು. ಅವರಿಗೆ ಮೈಯ ಕೊಬ್ಬು ರೋಗವಾಗಿರಲಿಲ್ಲ, ಕಂಬಳಿಯಾಗಿತ್ತು. ದಪ್ಪಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಯಾರೂ ಹತ್ತಿರ ಬರುವುದಿಲ್ಲ ಎಂಬ ಧೈರ್ಯ. ಆ ಕಂಬಳಿ ಜಾರತೊಡಗಿದ ಕೂಡಲೇ ಅವರಿಗೆ ಭಯವಾಗುತ್ತಿತ್ತು. ವೈದ್ಯರು ತೊಂದರೆ ಎಂದು ಕಂಡದ್ದು ರೋಗಿಗೆ ಪರಿಹಾರವಾಗಿತ್ತು ಎನ್ನುವುದು ಫೆಲಿಟ್ಟಿಗೆ ಹೊಳೆದದ್ದು ಹಾಗೆ.

ಮುಂದೆ ಅವರೂ ರಾಬರ್ಟ್ ಆಂಡಾ ಎಂಬ ವೈದ್ಯರೂ ಸೇರಿ ದೊಡ್ಡ ಸಮೀಕ್ಷೆ ಮಾಡಿದರು. 1998ರಲ್ಲಿ ಅದರ ಮೊದಲ ವರದಿ ಬಂತು. ಉತ್ತರ ಕೊಟ್ಟವರು 9,508 ಮಂದಿ. ಹೊಡೆತ, ಬೈಗುಳ, ಕೆಟ್ಟ ಸ್ಪರ್ಶ, ಅಪ್ಪ ಅಮ್ಮನನ್ನು ಹೊಡೆಯುವುದನ್ನು ನೋಡುತ್ತ ಬೆಳೆದದ್ದು, ಮನೆಯಲ್ಲಿ ಕುಡಿತ, ಮನೆಯವರಿಗೆ ಮಾನಸಿಕ ಕಾಯಿಲೆ, ಮನೆಯವರು ಜೈಲಿಗೆ ಹೋದದ್ದು, ಇಂಥವುಗಳಲ್ಲಿ ಒಂದಾದರೂ ಅನುಭವಿಸಿದವರು ಅರ್ಧಕ್ಕಿಂತ ಹೆಚ್ಚು. ಅವರೆಲ್ಲ ಕೊಳೆಗೇರಿಯವರಲ್ಲ, ಆರೋಗ್ಯ ವಿಮೆ ಇದ್ದ ಮಧ್ಯಮ ವರ್ಗದವರು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಗೆಯ ನೋವು ಕಂಡವರಲ್ಲಿ, ಏನೂ ಕಾಣದವರಿಗೆ ಹೋಲಿಸಿದರೆ, ಅತಿ ಬೊಜ್ಜಿನ ಸಾಧ್ಯತೆ 1.6 ಪಟ್ಟು. ಯೇಲ್ ವಿಶ್ವವಿದ್ಯಾಲಯದವರು 2005ರಲ್ಲಿ ತೂಕದ ಶಸ್ತ್ರಚಿಕಿತ್ಸೆಗೆ ಬಂದ 340 ಮಂದಿಯನ್ನೇ ಕೇಳಿದಾಗ, ಬಾಲ್ಯದಲ್ಲಿ ಒಂದಲ್ಲ ಒಂದು ಬಗೆಯ ಹಿಂಸೆ ಇಲ್ಲವೇ ಅಲಕ್ಷ್ಯ ಅನುಭವಿಸಿದ್ದೆವು ಎಂದವರು ನೂರಕ್ಕೆ 69. ಹೊಡೆತಕ್ಕಿಂತ ಹೆಚ್ಚು ಜನ ಹೇಳಿದ್ದು ಮನಸ್ಸಿಗೆ ಆದ ನೋವನ್ನು: ಹೀಯಾಳಿಕೆ, ಮತ್ತು ಯಾರಿಗೂ ತಾನು ಬೇಡವಾದೆ ಎನ್ನುವ ಭಾವ.

ಇಲ್ಲಿ ಒಂದು ಎಚ್ಚರಿಕೆ ಹೇಳಿಯೇ ಮುಂದೆ ಹೋಗುತ್ತೇನೆ. 1.6 ಪಟ್ಟು ಎಂದರೆ ಹಣೆಬರಹವಲ್ಲ. ದಪ್ಪಗಿರುವ ಎಷ್ಟೋ ಮಂದಿ ಒಳ್ಳೆಯ ಬಾಲ್ಯ ಕಂಡವರು. ವಂಶವಾಹಿ ಇದೆ, ಥೈರಾಯ್ಡ್ ಇದೆ, ಕೆಲವು ಔಷಧಿಗಳಿವೆ, ನಿದ್ದೆಗೇಡು ಇದೆ, ಪ್ಯಾಕೆಟ್ಟಿನ ತಿಂಡಿ ಅಗ್ಗವಾಗಿ ಸಿಗುವುದಿದೆ. ಪಕ್ಕದ ಮನೆಯ ದಪ್ಪ ಹುಡುಗನನ್ನು ನೋಡಿ "ಅವರ ಮನೇಲಿ ಏನೋ ಇದೆ" ಎಂದು ಪಿಸುಗುಡುವುದಕ್ಕೆ ಈ ಅಂಕಣ ಪರವಾನಗಿಯಲ್ಲ. ಹಾಗೆಯೇ ನೋವುಂಡ ಮಕ್ಕಳೆಲ್ಲ ದಪ್ಪಗಾಗುವುದೂ ಇಲ್ಲ. ಕೆಲವರು ಊಟವನ್ನೇ ಬಿಡುತ್ತಾರೆ.

ಈಗ ನಮ್ಮ ಹುಡುಗಿಯ ಅತ್ತೆಯ ಕಥೆಗೆ ಬರುತ್ತೇನೆ.

ತೋಡೂರಿನ ಕಾಲೊನಿಯಲ್ಲಿರುವ ನಮ್ಮಲ್ಲಿ ಬಹಳ ಮಂದಿ ಇಲ್ಲಿ ಹುಟ್ಟಿದವರಲ್ಲ. ಬೇರೆ ಊರಿನ ಓದುಗರಿಗಾಗಿ ಹೇಳುತ್ತೇನೆ. ಕಾರವಾರದ ಅರ್ಗಾದಲ್ಲಿ ನೌಕಾನೆಲೆಗೆ 1986ರ ಅಕ್ಟೋಬರ್ 24ರಂದು ಅಂದಿನ ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. ಸೀಬರ್ಡ್ ಯೋಜನೆ ಎಂದು ಅದರ ಹೆಸರು. 2005ರ ಮೇ 31ರಂದು ಐಎನ್‌ಎಸ್ ಕದಂಬ ಎಂದು ಕೆಲಸ ಆರಂಭಿಸಿತು. ಇದಕ್ಕಾಗಿ ಕಾರವಾರ, ಅಂಕೋಲಾ ತಾಲೂಕುಗಳ ಕಡಲಂಚಿನ 13 ಹಳ್ಳಿಗಳ ಸುಮಾರು 4 ಸಾವಿರ ಕುಟುಂಬಗಳು ಮನೆ ಬಿಟ್ಟವು. ದೇಶಕ್ಕೆ ನೌಕಾನೆಲೆ ಬೇಕಿತ್ತು, ಅದರಲ್ಲಿ ನನಗೆ ತಕರಾರಿಲ್ಲ. ಪರಿಹಾರದ ಮೊಕದ್ದಮೆಗಳು ಎಷ್ಟು ವರ್ಷ ಎಳೆದವು ಎನ್ನುವುದು ಬೇರೆಯದೇ ಅಂಕಣ. ಆದರೆ ಹೊರಟ ಗಾಡಿಗಳಲ್ಲಿ ಪಾತ್ರೆ, ಹಂಚು, ಬಾಗಿಲುಗಳ ನಡುವೆ ಕೂತಿದ್ದ ಮಕ್ಕಳನ್ನು ಆ ಹೊತ್ತಿನಲ್ಲಿ ಲೆಕ್ಕಕ್ಕೆ ಹಿಡಿದವರು ಕಡಿಮೆ.

ನನ್ನ ವಿದ್ಯಾರ್ಥಿನಿ ಆಗ ಎಂಟು ವರ್ಷದವಳು. ಅವಳಪ್ಪ ರಂಪಣಿ ಎಳೆಯುವ ತಂಡದಲ್ಲಿದ್ದವನು. ರಂಪಣಿ ಎಂದರೆ ದಡದಿಂದ ಹತ್ತಾರು ಜನ ಎರಡೂ ಕಡೆ ನಿಂತು ಎಳೆಯುವ ದೊಡ್ಡ ಬಲೆ. ಸಿಕ್ಕ ಬಂಗಡೆ, ತಾರ್ಲೆಯಲ್ಲಿ ಎಲ್ಲರಿಗೂ ಪಾಲು. ಬಲೆ ಎಳೆಯಲು ಕೈಕೊಟ್ಟ ಹುಡುಗರಿಗೂ ಒಂದು ಹಿಡಿ ಮೀನು. ಊರು ಚದುರಿದ ಮೇಲೆ ತಂಡವೂ ಚದುರಿತು. ಅಪ್ಪ ಕೂಲಿಗೆ ಹೋದ. ಕೂಲಿ ಸಿಗದ ದಿನವೂ ಸಿಕ್ಕ ದಿನವೂ ಕುಡಿದು ಬಂದ. ಜೊತೆಗಿದ್ದ ಅಜ್ಜಿ ಅದೇ ಮಳೆಗಾಲದಲ್ಲಿ ತೀರಿಕೊಂಡಳು. ಆಯಿ ಬೆಳಿಗ್ಗೆ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆ ಬರುವುದು. ಸಂಜೆಯ ಹೊತ್ತು ಮನೆಯಲ್ಲಿ ಅವಳೊಬ್ಬಳೇ, ಜೊತೆಗೆ ಚಿಕ್ಕ ತಮ್ಮ.

ಅಪ್ಪ ಬಂದರೆ ತಟ್ಟೆ ಹಾರುತ್ತಿತ್ತು. ಸಾರಿಗೆ ಉಪ್ಪಿಲ್ಲ ಎಂದು ಒಂದು ದಿನ, ಉಪ್ಪಿದೆ ಎಂದು ಇನ್ನೊಂದು ದಿನ. ಹೀಗಾಗಿ ಅವಳು ಒಂದು ಉಪಾಯ ಕಲಿತಳು. ಅಪ್ಪನ ಹೆಜ್ಜೆ ಕೇಳುವ ಮೊದಲೇ ತಮ್ಮನಿಗೆ ಉಣಿಸಿ, ತಾನೂ ನಿಂತಲ್ಲೇ ಗಬಗಬನೆ ಉಂಡು, ತಟ್ಟೆ ತೊಳೆದಿಡುವುದು. ಹಸಿವೆ ಇರಲಿ ಬಿಡಲಿ. ಈಗ ಉಣ್ಣದಿದ್ದರೆ ರಾತ್ರಿ ಊಟವೇ ಇಲ್ಲ ಎನ್ನುವುದು ಅವಳ ಲೆಕ್ಕ. ಬೆಲ್ಲದ ಚೂರು, ಒಣಕೊಬ್ಬರಿ, ಬಿಸ್ಕಿಟು ಎಲ್ಲವನ್ನೂ ಅಕ್ಕಿ ಡಬ್ಬದ ಹಿಂದೆ ಅಡಗಿಸಿಡುತ್ತಿದ್ದಳು. ಹೊಡೆತ ತಿಂದ ರಾತ್ರಿ ಕತ್ತಲಲ್ಲಿ ಬಾಯಿಗೆ ಬೆಲ್ಲ ಹಾಕಿಕೊಂಡರೆ ಅಳು ನಿಲ್ಲುತ್ತಿತ್ತು ಎಂದು ನನಗೆ ಹೇಳಿದಳು. ಎಂಟು ವರ್ಷದ ಮಗುವಿಗೆ ಬೇರೆ ಯಾವ ಔಷಧಿ ಕೈಗೆ ಸಿಗುತ್ತಿತ್ತು?

ಹತ್ತು ವರ್ಷವಾಗುವಷ್ಟರಲ್ಲಿ ಮೈ ತುಂಬಿತು. ಮೇಲಿನ ತರಗತಿಗೆ ಬೇರೆ ಶಾಲೆಗೆ ಹೋದಾಗ ಅಲ್ಲಿನ ಹುಡುಗರು 'ಡ್ರಮ್ಮು' ಎಂದು ಹೆಸರಿಟ್ಟರು. ಆಟದ ತಾಸಿನಲ್ಲಿ ಅವಳು ಮರದ ಕೆಳಗೆ ಕೂತಳು. ಕೂತಲ್ಲಿ ಚೀಲದಿಂದ ತೆಗೆದು ತಿಂದಳು.

ಈ 35ನೇ ವಯಸ್ಸಿನಲ್ಲಿಯೂ ಅವಳು ಒಂದು ತಟ್ಟೆ ಅನ್ನವನ್ನು ನಾಲ್ಕು ನಿಮಿಷದಲ್ಲಿ ಮುಗಿಸುತ್ತಾಳೆ. ಒಬ್ಬಳೇ ಇದ್ದರೆ ನಿಂತೇ ಉಣ್ಣುತ್ತಾಳೆ. ಹೊಟ್ಟೆ ತುಂಬಿದೆ ಎಂಬ ಸುದ್ದಿ ಮಿದುಳಿಗೆ ಮುಟ್ಟಲು ಹದಿನೈದಿಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಇವಳ ಎರಡನೇ ತಟ್ಟೆಯೂ ಮುಗಿದಿರುತ್ತದೆ. ವಾರದಲ್ಲಿ ಒಂದೆರಡು ಸಂಜೆ ಇನ್ನೂ ಹೆಚ್ಚಿನದು ಆಗುತ್ತದೆ: ಶುರು ಮಾಡಿದರೆ ನಿಲ್ಲಿಸಲು ಆಗುವುದಿಲ್ಲ, ಕೈ ತನ್ನದಲ್ಲ ಎನಿಸುತ್ತದೆ, ಮುಗಿದ ಮೇಲೆ ನಾಚಿಕೆಯಿಂದ ಅಳು. ಇದಕ್ಕೆ ವೈದ್ಯರ ಭಾಷೆಯಲ್ಲಿ ಬಿಂಜ್ ಈಟಿಂಗ್ ಎನ್ನುತ್ತಾರೆ, ಹತೋಟಿ ತಪ್ಪಿ ತಿನ್ನುವ ತೊಂದರೆ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಇದನ್ನು ಒಂದು ಪ್ರತ್ಯೇಕ ಕಾಯಿಲೆ ಎಂದು ಸೇರಿಸಿಕೊಂಡಿತು. ಅದಕ್ಕೆ ಮೊದಲು, ನಂತರವೂ, ಊರಲ್ಲಿ ಇದಕ್ಕಿರುವ ಹೆಸರು 'ಹೊಟ್ಟೆಬಾಕತನ'. ಆ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ.

ಹಸಿವೆಯ ಭಯ ಮನಸ್ಸನ್ನು ಎಷ್ಟು ಹಿಡಿಯುತ್ತದೆ ಎನ್ನುವುದಕ್ಕೆ ಇನ್ನೊಂದು ಸಾಕ್ಷಿ ಇದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆಯಿಂದಲೇ, ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟರು. ಯುದ್ಧದಲ್ಲಿ ಹಸಿದ ಜನರನ್ನು ಮತ್ತೆ ಚೇತರಿಸುವುದು ಹೇಗೆಂದು ತಿಳಿಯುವುದು ಉದ್ದೇಶ. ಆ ಹುಡುಗರು ಹಗಲಿರುಳು ಊಟದ ಮಾತನ್ನೇ ಆಡಿದರು. ಅಡುಗೆ ಪುಸ್ತಕ ಕೂಡಿಟ್ಟರು. ತಟ್ಟೆ ನೆಕ್ಕಿದರು. ಬೇಕಾದಷ್ಟು ಊಟ ಕೊಟ್ಟ ಮೇಲೂ ಕೆಲವರಿಗೆ ತಿಂಗಳುಗಟ್ಟಲೆ ತೃಪ್ತಿಯೇ ಆಗಲಿಲ್ಲ. ಹೊಟ್ಟೆ ಬಿರಿಯುವಂತೆ ಉಂಡೂ ಹಸಿವೆ ಎನ್ನುತ್ತಿದ್ದರು. ಅವರು ಬೆಳೆದ ಗಂಡಸರು, ಪ್ರಯೋಗ ಎಂದು ಮುಗಿಯುತ್ತದೆ ಎಂದು ಗೊತ್ತಿದ್ದವರು.

ನನ್ನ ವಯಸ್ಸಿನವರಿಗೆ ಈ ಮಾತು ಬೇಗ ತಿಳಿಯುತ್ತದೆ. ರೇಷನ್ನಿನ ಕಾಲ ನೆನಪಿದೆಯಲ್ಲ? ಅಮೆರಿಕದಿಂದ ಬಂದ ಕೆಂಪು ಜೋಳ, ಶಾಲೆಯಲ್ಲಿ ಕೇರ್ ಸಂಸ್ಥೆಯ ಗೋಧಿ ಉಪ್ಪಿಟ್ಟು, ಹಾಲಿನ ಪುಡಿ. "ಅಗಳು ಬಿಟ್ಟರೆ ಮುಂದಿನ ಜನ್ಮದಲ್ಲಿ ಅನ್ನ ಸಿಗುವುದಿಲ್ಲ" ಎಂದು ನಮ್ಮನ್ನು ಹೆದರಿಸಿ ಬೆಳೆಸಿದರು. ಆ ಹೆದರಿಕೆಯನ್ನು ನಾವು ಮೊಮ್ಮಕ್ಕಳ ತಟ್ಟೆಗೆ ಬಡಿಸುತ್ತಿದ್ದೇವೆ. ಮಗು ಸಾಕು ಎಂದರೆ "ಇನ್ನೊಂದು ತುತ್ತು, ಗುಬ್ಬಿದು" ಎನ್ನುತ್ತೇವೆ. ಸಾಕು ಎನ್ನುವುದು ಮಗುವಿನ ದೇಹ ಕೊಡುವ ಸರಿಯಾದ ಸುದ್ದಿ. ಅದನ್ನು ದಿನಕ್ಕೆ ಮೂರು ಬಾರಿ ಸುಳ್ಳು ಮಾಡಿದರೆ ಸುದ್ದಿ ತರುವವನೇ ಸುಮ್ಮನಾಗುತ್ತಾನೆ. ಅದೇ ಮಗು ಸ್ವಲ್ಪ ದುಂಡಗಾದ ಮೇಲೆ ನೆಂಟರೆದುರಿಗೆ "ನಮ್ಮ ಡುಮ್ಮ" ಎಂದು ಕೆನ್ನೆ ಹಿಂಡುವವರೂ ನಾವೇ. ಪ್ರೀತಿಯಿಂದಲೇ ಹೇಳುತ್ತೇವೆ, ಒಪ್ಪಿದೆ. ಮಗುವಿಗೆ ಕೇಳಿಸುವುದು ಪ್ರೀತಿಯಲ್ಲ, ಆ ಹೆಸರು.

ಆಸ್ಪತ್ರೆಯ ಆ ಹೆಣ್ಣುಮಗಳು ಯಾಕೆ ಕೇಳಿದಳು ಎನ್ನುವುದು ಈಗ ನಿಮಗೂ ಹೊಳೆದಿರಬಹುದು. ಜಠರವನ್ನು ಕತ್ತರಿಸಬಹುದು. ಸಂಜೆಯಾದರೆ ಹುಟ್ಟುವ ಹೆದರಿಕೆ ಜಠರದಲ್ಲಿಲ್ಲ. ಶಸ್ತ್ರಚಿಕಿತ್ಸೆಯಾದ ಮೇಲೆ ಒಂದೇ ಬಾರಿಗೆ ಬಹಳ ತಿನ್ನಲು ಆಗುವುದಿಲ್ಲವೆಂದು, ಕೆಲವರು ದಿನವಿಡೀ ಚೂರುಚೂರೇ ಮೆಲ್ಲುತ್ತಾರೆ. ಐಸ್‌ಕ್ರೀಮು, ತಂಪು ಪಾನೀಯ ಸುಲಭವಾಗಿ ಇಳಿಯುತ್ತದಲ್ಲ. ಕೆಲವರಿಗೆ, ಅದರಲ್ಲೂ ಬೈಪಾಸ್ ಆದವರಿಗೆ, ಮದ್ಯ ಬೇಗ ತಲೆಗೇರಿ ಅದೇ ಹೊಸ ಚಟವಾಗುತ್ತದೆ. ಅಷ್ಟು ವರ್ಷ ಕೈಹಿಡಿದಿದ್ದ ತಿನ್ನುವ ಆಸರೆ ಒಮ್ಮೆಲೇ ಹೋದಾಗ ಮನಸ್ಸು ಕುಸಿಯುವುದೂ ಉಂಟು. ಇದನ್ನೆಲ್ಲ ಮೊದಲೇ ತಿಳಿದುಕೊಂಡರೆ ಜೊತೆಗೆ ನಿಲ್ಲಬಹುದು ಎಂದು ಕೇಳುತ್ತಾರೆ. ನಾಪಾಸು ಮಾಡುವುದಕ್ಕಲ್ಲ. ಯೇಲ್‌ನ ಅದೇ ತಂಡ ಬೈಪಾಸ್ ಆದ 137 ಮಂದಿಯನ್ನು ಒಂದು ವರ್ಷದ ನಂತರ ನೋಡಿದಾಗ, ಬಾಲ್ಯದ ನೋವು ಇದ್ದವರೂ ಇಲ್ಲದವರಷ್ಟೇ ತೂಕ ಇಳಿಸಿದ್ದರು. ಹಾಗಾಗಿ ಹಳೆಯ ನೋವನ್ನು ಹೇಳಿಕೊಂಡರೆ ಆಪರೇಷನ್ ತಪ್ಪಿಹೋದೀತು ಎಂದು ಬಚ್ಚಿಡುವುದು ಬೇಡ.

ನಮ್ಮ ಅತ್ತೆ ಸಿಟ್ಟು ಇಳಿದ ಮೇಲೆ ಮತ್ತೆ ಹೋದಳು. ಆರು ತಿಂಗಳು ಆಪರೇಷನ್ ಮುಂದಕ್ಕೆ ಹಾಕಿದರು. ಮೊದಲ ಕೆಲಸ, ಹೊತ್ತಿಗೆ ಸರಿಯಾಗಿ ಉಣ್ಣುವುದು. ಉಪವಾಸವಿದ್ದು ಸಂಜೆ ಮುಗಿಬೀಳುವುದೇ ಹತೋಟಿ ತಪ್ಪುವುದಕ್ಕೆ ಅರ್ಧ ಕಾರಣ. ಎರಡನೆಯದು, ಕೂತು ಉಣ್ಣುವುದು. ಮೂರನೆಯದು ಒಂದು ನೋಟ್‌ಬುಕ್. ಅಣ್ಣನ ಮಗಳ ಹಳೆಯ ಗಣಿತದ ಪುಸ್ತಕದ ಖಾಲಿ ಹಾಳೆಗಳಲ್ಲೇ ಬರೆದಳು: ಎಷ್ಟು ಹೊತ್ತಿಗೆ, ಏನು, ಎಲ್ಲಿ, ಜೊತೆಗೆ ಯಾರು, ಆಗ ಮನಸ್ಸಿನಲ್ಲಿ ಏನಿತ್ತು. ನನಗೂ ತೋರಿಸಿದಳು. ಮೊದಲ ವಾರಗಳ ಹಾಳೆಗಳಲ್ಲಿ 'ಮನಸ್ಸಿನಲ್ಲಿ' ಎಂಬ ಸಾಲಿನ ಮುಂದೆಲ್ಲ 'ಏನಿಲ್ಲ' ಎಂದಿದೆ. ಐದನೇ ವಾರದಲ್ಲಿ ಒಂದು ಕಡೆ: "ಸಂಜೆ 6.40. ಅಂಗಳದಲ್ಲಿ ಚಪ್ಪಲಿ ಸದ್ದು." ಅಲ್ಲಿಂದ ಮುಂದೆ ನೋಡುತ್ತ ಹೋದರೆ ಹತೋಟಿ ತಪ್ಪಿದ ದಿನಗಳಲ್ಲೆಲ್ಲ ಆ ಸದ್ದು, ಇಲ್ಲವೇ ಜೋರು ದನಿ, ಇಲ್ಲವೇ ಪಾತ್ರೆ ಬಿದ್ದ ಸಪ್ಪಳ. ಚಪ್ಪಲಿ ಹಾಲು ಕೊಡುವ ಹುಡುಗನದಿದ್ದರೂ ಆಗುತ್ತಿತ್ತು. ಅವಳಿಗೇ ಇದು ಗೊತ್ತಿರಲಿಲ್ಲ.

ಅವಳಪ್ಪ ಕುಡಿತ ಬಿಟ್ಟು ಹದಿಮೂರು ವರ್ಷವಾಯಿತು. ಮೊಮ್ಮಗಳನ್ನು ಸೈಕಲ್ಲಿನಲ್ಲಿ ಶಾಲೆಗೆ ಬಿಡುವ, ಜಾತ್ರೆಯಲ್ಲಿ ಬತ್ತಾಸು ಕೊಡಿಸುವ ಅಜ್ಜ ಅವರು. ಹುಡುಗಿಗೆ ಗೊತ್ತಿರುವ ಅಜ್ಜ ಇವರೊಬ್ಬರೇ. ಅವಳು ಕೇಳದೆ ಉಳಿಸಿಕೊಂಡ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಕೆಲಸವಲ್ಲವೆಂದು ಅಜ್ಜನಿಗೇ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. "ಕಡಲು ಹೋಯ್ತು, ಕೆಲಸ ಹೋಯ್ತು ಅಂತ ಎಲ್ಲರ ಹತ್ರ ಹೇಳ್ದೆ ಅಕ್ಕೋರೇ. ಆದ್ರೆ ಊರು ಬಿಟ್ಟವ್ರು ನಾನೊಬ್ನೇ ಅಲ್ಲ. ಎಲ್ರೂ ಮಕ್ಕಳಿಗೆ ಹೊಡೀಲಿಲ್ಲ" ಎಂದರು. ಮರುದಿನ ಮೊಮ್ಮಗಳನ್ನು ಕೂರಿಸಿಕೊಂಡು ಹೌದು ಎಂದು ಹೇಳಿದರಂತೆ. ಅವಳು ಎರಡು ದಿನ ಅವರ ಸೈಕಲ್ ಹತ್ತಲಿಲ್ಲ. ಮೂರನೇ ದಿನ ಹತ್ತಿದಳು. ಮಗಳು ಮಾತ್ರ ಇನ್ನೂ ಅಪ್ಪನೊಂದಿಗೆ ಕೂತು ಉಣ್ಣುವುದಿಲ್ಲ. ಉಣ್ಣಲೇಬೇಕೆಂದು ಯಾರೂ ಒತ್ತಾಯ ಮಾಡುವುದೂ ಬೇಡ. ಕ್ಷಮೆ ಎನ್ನುವುದು ಪಥ್ಯದ ಪಟ್ಟಿಯಲ್ಲಿ ಬರೆದುಕೊಡುವ ವಸ್ತುವಲ್ಲ. ಅಪ್ಪನೇ ಈಗ ಸಂಜೆ ಮನೆಗೆ ಬರುವಾಗ ಬೇಲಿಯ ಆಚೆಯಿಂದಲೇ "ನಾ ಬಂದೆ" ಎಂದು ಮೆತ್ತಗೆ ಕೂಗಿ, ಚಪ್ಪಲಿ ಅಲ್ಲೇ ಕಳಚಿಟ್ಟು ಬರುತ್ತಾರೆ.

ಫೆಲಿಟ್ಟಿಯವರ ಪಟ್ಟಿಯಲ್ಲಿ ಊರು ಮುಳುಗುವುದು, ಊರು ಬಿಡುವುದು ಇರಲಿಲ್ಲ. ಅದು ಕ್ಯಾಲಿಫೋರ್ನಿಯದಲ್ಲಿ ಬರೆದ ಪಟ್ಟಿ. ವಿಶ್ವ ಆರೋಗ್ಯ ಸಂಸ್ಥೆ ಬೇರೆ ದೇಶಗಳಿಗಾಗಿ ಮಾಡಿದ ಪ್ರಶ್ನಾವಳಿಯಲ್ಲಿ ಓರಗೆಯವರ ಪೀಡನೆ, ಯುದ್ಧ, ಗಲಭೆ ಸೇರಿವೆ. ನಮ್ಮ ಜಿಲ್ಲೆಯಲ್ಲಿ ಪಟ್ಟಿ ಮಾಡಿದರೆ ನೀರು, ಗುಡ್ಡ ಎರಡನ್ನೂ ಸೇರಿಸಬೇಕು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಗಂಗಾವಳಿಯ ನೀರು ಉಕ್ಕಿ ಆಚೆ ದಂಡೆಯ ಉಳುವರೆಯ ಮನೆಗಳಿಗೆ ನುಗ್ಗಿತು. ಅದನ್ನು ಕಣ್ಣಾರೆ ಕಂಡ ಮಕ್ಕಳು ಈಗಲೂ ಶಾಲೆಗೆ ಹೋಗುತ್ತಿದ್ದಾರೆ. ಮಳೆ ಜೋರಾದರೆ ಊಟ ಬಿಡುವ ಮಗು, ಅಥವಾ ಮಳೆ ಜೋರಾದರೆ ತಿನ್ನುತ್ತಲೇ ಇರುವ ಮಗು ಕಂಡರೆ, ಶಿಕ್ಷಕರೇ, "ತಿಂಡಿಪೋತ" ಎನ್ನುವ ಮೊದಲು ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ. ಏನೂ ಕೇಳದಿದ್ದರೂ ಸರಿ.

ಮಕ್ಕಳೇ, ನಿಮಗೆ ಒಂದೆರಡು ಮಾತು ನೇರವಾಗಿ. ನಿಮ್ಮ ತೂಕ ಎಷ್ಟಿರಬೇಕೆಂಬ ಕೋಷ್ಟಕವನ್ನು ಇಲ್ಲಿ ಬೇಕೆಂದೇ ಹಾಕಿಲ್ಲ. ಓದಿದ ಕೂಡಲೇ ಕನ್ನಡಿಯ ಮುಂದೆ ಓಡುತ್ತೀರಿ. ಬೆಳೆಯುವ ವಯಸ್ಸಿನಲ್ಲಿ ಊಟ ಬಿಡಬೇಡಿ. ಮನೆಯಲ್ಲಾಗಲಿ ಹೊರಗಾಗಲಿ ಯಾರಾದರೂ ಹೊಡೆದು ಬಡಿದು ಮಾಡುತ್ತಿದ್ದರೆ, ನಿಮಗೆ ಇಷ್ಟವಾಗದಂತೆ ಮುಟ್ಟಿದರೆ, "ಯಾರಿಗೂ ಹೇಳಬೇಡ" ಎಂದು ಹೆದರಿಸಿದರೆ, ಅದು ನಿಮ್ಮ ತಪ್ಪಲ್ಲ, ಆ ಗುಟ್ಟನ್ನು ಕಾಯಬೇಕಾಗಿಯೂ ಇಲ್ಲ. ನಂಬಿಕೆಯ ಒಬ್ಬ ದೊಡ್ಡವರಿಗೆ ಹೇಳಿ. ಅವರು ನಂಬದಿದ್ದರೆ ಇನ್ನೊಬ್ಬರಿಗೆ ಹೇಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಫೋನಿನಿಂದಲೂ ದುಡ್ಡಿಲ್ಲದೆ ಕರೆ ಮಾಡಬಹುದು, ರಾತ್ರಿಯಾದರೂ ಎತ್ತುತ್ತಾರೆ. ಮಕ್ಕಳನ್ನು ಇಂಥದ್ದರಿಂದ ಕಾಯುವುದಕ್ಕೆಂದೇ 2012ರಲ್ಲಿ ಪೋಕ್ಸೊ ಎಂಬ ಕಾನೂನು ಬಂದಿದೆ.

ದೊಡ್ಡವರಿಗೆ ಟೆಲಿಮಾನಸ್ ಇದೆ, ಸಂಖ್ಯೆ 14416. 2022ರಿಂದ ನಡೆಯುತ್ತಿದೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಹಿಂದಿದೆ, ಕನ್ನಡದಲ್ಲೇ ಮಾತಾಡಬಹುದು. ಹತೋಟಿ ತಪ್ಪಿ ತಿನ್ನುವುದು, ತಿಂದು ಅಳುವುದು, ಕುಡಿತ ಬಿಡಲಾಗದಿರುವುದು, ಎಲ್ಲವನ್ನೂ ಅಲ್ಲಿ ಕೇಳಿಸಿಕೊಳ್ಳುತ್ತಾರೆ. ಎಪ್ಪತ್ತು ವರ್ಷದವರು ಎಂಟನೇ ವಯಸ್ಸಿನ ಸಂಗತಿ ಹೇಳಿದರೂ ಯಾರೂ ನಗುವುದಿಲ್ಲ.

ಅತ್ತೆಯ ಆಪರೇಷನ್ನಿಗೆ ಬರುವ ತಿಂಗಳು ದಿನ ಗೊತ್ತಾಗಿದೆ. ಮೊದಲ ಎರಡು ವಾರ ಬರೀ ದ್ರವ, ಆಮೇಲೆ ಮೆತ್ತಗೆ ನುರಿದದ್ದು, ಒಂದೂವರೆ ಎರಡು ತಿಂಗಳಾದ ಮೇಲೆ ಸಣ್ಣ ಬಟ್ಟಲಿನಷ್ಟು ಊಟ. ವಿಟಮಿನ್ ಗುಳಿಗೆ ಜೀವನವಿಡೀ. ಮೀನು ಸಾರಿನ ತಿಳಿ ಯಾವ ವಾರದಿಂದ ಕುಡಿಯಬಹುದು ಎಂದು ಅವಳು ಆಸ್ಪತ್ರೆಯವರನ್ನು ಕೇಳಿದ್ದಾಳೆ. ಖಾರ ಹಾಕದೆ ಮಾಡುವ ಬಗೆ ಯಾರಿಗಾದರೂ ಗೊತ್ತಿದ್ದರೆ ಈ ಅಂಕಣಕ್ಕೆ ಬರೆದು ಕಳಿಸಿ, ತಲುಪಿಸುತ್ತೇನೆ.